ಕೂಗುಮಡುವಿನ ಅಗ್ಗದ ತಾಂಡೇಲ

ಕಡಲಿಗೆ ಹತ್ತಿರದ ಒಂದು ಕಾಡಿನಲ್ಲಿ ಕಪ್ಪು ನೀರಿನ ಹೊಳೆಯೊಂದು ಹರಿಯುತ್ತಿತ್ತು. ಹೊಳೆಯ ಮೇಲ್ದಂಡೆಯಲ್ಲಿ ಬೊಮ್ಮಯ್ಯ ಎಂಬ ಕರಡಿ ಇದ್ದ. ಅವನು ಹೆಬ್ಬಲಸಿನ ಮರ ಕೊರೆದು ದೋಣಿ ಮಾಡುತ್ತಿದ್ದ. ಹೊಳೆ ಕಡಲು ಸೇರುವಲ್ಲಿ ಒಂದು ಕುದ್ರು ಇತ್ತು. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಅಲ್ಲಿ ಪರಮಯ್ಯ ಎಂಬ ಹಂದಿ ಇದ್ದ. ಅವನು ಬೊಮ್ಮಯ್ಯನ ದೋಣಿಗಳನ್ನು ಕೊಂಡು ಕುದ್ರುವಿನ ಮಂಗಗಳಿಗೂ ಮೊಲಗಳಿಗೂ ಬಾಡಿಗೆಗೆ ಕೊಡುತ್ತಿದ್ದ. ಅದರಿಂದಲೇ ಅವನ ಹೊಟ್ಟೆ ನೆಲ ಮುಟ್ಟುವಷ್ಟು ಬೆಳೆದಿತ್ತು.

ಮೇಲಿನಿಂದ ಕೆಳಕ್ಕೆ ದೋಣಿ ತಲುಪಿಸುವವರನ್ನು ತಾಂಡೇಲರು ಎನ್ನುತ್ತಿದ್ದರು. ಅವರಿಗೆ ಸ್ವಂತ ದೋಣಿ ಇರಲಿಲ್ಲ. ಅವರು ಯಾರ ಮನೆಯ ಆಳುಗಳೂ ಅಲ್ಲ. ದೋಣಿ ಸಿದ್ಧವಾದಾಗ ಅವರಿಗೆ ಕರೆ ಬರುತ್ತಿತ್ತು. ದೋಣಿಯನ್ನು ಕುದ್ರುವಿಗೆ ಮುಟ್ಟಿಸಿ, ಕೂಲಿ ಪಡೆದು, ಕಡಲ ಇಳಿತದಲ್ಲಿ ನೀರು ದಾಟಿ, ದಂಡೆಯ ಕಾಲುದಾರಿಯಲ್ಲಿ ನಡೆದು ಮನೆಗೆ ಬರುತ್ತಿದ್ದರು. ನೀರುನಾಯಿ ಹೊನ್ನಿ ಮತ್ತು ಮುದಿ ಆಮೆ ಜಟ್ಟಜ್ಜ ಒಂದು ಜೋಡಿ. ಮುಂಗುಸಿ ಬೀರ ಮತ್ತು ಅವನ ಹೆಂಡತಿ ನಾಗಿ ಇನ್ನೊಂದು ಜೋಡಿ.

ಜೋಡಿ ಇಲ್ಲದೆ ಆ ಹೊಳೆಯಲ್ಲಿ ಯಾರೂ ದೋಣಿ ಹತ್ತುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಅರ್ಧ ದಾರಿಯಲ್ಲಿ ಎರಡೂ ದಡದ ಜೌಗಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಬಾಗಿ ಒಂದನ್ನೊಂದು ಹೆಣೆದುಕೊಂಡಿದ್ದವು. ಅವುಗಳ ಬೇರುಗಳು ಕೆಸರಿನಿಂದ ಬೆರಳುಗಳಂತೆ ಮೇಲೆದ್ದಿದ್ದವು. ಅವುಗಳ ಅಡಿಯಲ್ಲಿ ಒಂದು ಮಡು. ನಡುಮಧ್ಯಾಹ್ನವೂ ಅಲ್ಲಿ ಮಂಜು ಮುಸುಕಿರುತ್ತಿತ್ತು. ಹಕ್ಕಿ ಉಲಿಯುತ್ತಿರಲಿಲ್ಲ. ಕಪ್ಪೆ ವಟಗುಟ್ಟುತ್ತಿರಲಿಲ್ಲ. ಹುಟ್ಟು ಹಾಕಿದರೂ ನೀರು ಸದ್ದು ಮಾಡುತ್ತಿರಲಿಲ್ಲ. ಆ ಮೌನದ ಒಳಗಿನಿಂದ ಏನೋ ಒಂದು ಹೆಸರು ಹಿಡಿದು ಕೂಗುತ್ತಿತ್ತು. ಯಾವಾಗಲೂ ಗುರುತಿನ ದನಿಯಲ್ಲೇ ಕೂಗುತ್ತಿತ್ತು. ತೀರಿಹೋದ ತಾಯಿಯ ದನಿ, ದೂರವಾದ ಗೆಳೆಯನ ದನಿ. ಅದಕ್ಕೆ ಓಗೊಟ್ಟವರು ಸುಮ್ಮನೆ ಎದ್ದು ನಿಲ್ಲುತ್ತಿದ್ದರು. ಯಾರೋ ಕೈಹಿಡಿದು ಕರೆದೊಯ್ದಂತೆ ದೋಣಿಯ ಅಂಚು ದಾಟುತ್ತಿದ್ದರು. ಅವರು ಬಿದ್ದ ಜಾಗದಲ್ಲಿ ಒಂದು ಹನಿ ನೀರೂ ಚಿಮ್ಮುತ್ತಿರಲಿಲ್ಲ.

ಅದಕ್ಕೇ ಅದನ್ನು ಕೂಗುಮಡು ಎನ್ನುತ್ತಿದ್ದರು. ಒಳಗೆ ಇರುವುದು ಏನು ಎಂದು ಯಾರೂ ಕಂಡಿರಲಿಲ್ಲ. ಒಂದು ವಿಷಯ ಮಾತ್ರ ಎಲ್ಲರಿಗೂ ತಿಳಿದಿತ್ತು. ಅದು ಒಂದು ಸಲಕ್ಕೆ ಒಬ್ಬರನ್ನೇ ಕೂಗುತ್ತಿತ್ತು. ಒಬ್ಬರನ್ನು ಕೂಗಿದಾಗ ಇನ್ನೊಬ್ಬರು ಅವರನ್ನು ಗಟ್ಟಿಯಾಗಿ ಹಿಡಿದುಕೊಂಡರೆ ದೋಣಿ ದಾಟಿಬಿಡುತ್ತಿತ್ತು. ಹೀಗಾಗಿ ದೋಣಿಗೆ ಇಬ್ಬರು ತಾಂಡೇಲರು, ಇಬ್ಬರಿಗೂ ಒಂದೊಂದು ಬುಟ್ಟಿ ಒಣಮೀನು. ಇದು ಅಜ್ಜಂದಿರ ಕಾಲದಿಂದ ಬಂದ ಕೂಲಿ.

ಹೀಗಿರುವಾಗ ಒಂದು ದಿನ ಬೊಮ್ಮಯ್ಯನ ಅಂಗಳಕ್ಕೆ ಗೋಯ್ದ ಎಂಬ ಪುನುಗುಬೆಕ್ಕು ಬಂದ. ಅವನು ಎಲ್ಲಿಯವನೆಂದು ಯಾರಿಗೂ ಗೊತ್ತಿರಲಿಲ್ಲ. ನಯವಾದ ಮೈ, ನಯವಾದ ಮಾತು. ಅಂದು ಪರಮಯ್ಯ ಹೊಸ ದೋಣಿ ನೋಡಲು ಕುದ್ರುವಿನಿಂದ ಬಂದಿದ್ದ. ಹೊನ್ನಿ ಮತ್ತು ಜಟ್ಟಜ್ಜ ದೋಣಿ ಇಳಿಸಲು ಸಿದ್ಧರಾಗಿ ನಿಂತಿದ್ದರು.

ಗೋಯ್ದ ಪರಮಯ್ಯನ ಹತ್ತಿರ ಹೋಗಿ ಬಾಗಿ ನಿಂತ. "ಒಡೆಯರೇ, ಒಂದು ದೋಣಿಗೆ ಎರಡು ಬುಟ್ಟಿ ಯಾಕೆ ಕೊಡುತ್ತೀರಿ? ಹೊಳೆ ತಾನೇ ಕೆಳಕ್ಕೆ ಹರಿಯುತ್ತದೆ. ಒಬ್ಬ ಕುಳಿತರೆ ಸಾಲದೇ? ನಾನು ಒಂದೇ ಬುಟ್ಟಿಗೆ ಬರುತ್ತೇನೆ."

ಪರಮಯ್ಯನ ಕಿವಿ ನೆಟ್ಟಗಾಯಿತು.

ಹೊನ್ನಿ ಮುಂದೆ ಬಂದಳು. "ತಮ್ಮಾ, ನೀನು ಈ ಹೊಳೆಗೆ ಹೊಸಬ. ಎರಡನೆಯ ಬುಟ್ಟಿ ಹುಟ್ಟು ಹಾಕಿದ್ದಕ್ಕಲ್ಲ, ಹಿಡಿದುಕೊಂಡದ್ದಕ್ಕೆ. ಕೂಗುಮಡುವಿನಲ್ಲಿ ನಿನ್ನನ್ನು ಯಾರು ಹಿಡಿದುಕೊಳ್ಳುತ್ತಾರೆ?"

"ನನ್ನನ್ನು ಕೂಗುವವರು ಯಾರಿದ್ದಾರೆ ಅಕ್ಕ?" ಎಂದು ಗೋಯ್ದ ನಕ್ಕ. "ನನಗೆ ತಾಯಿಯ ನೆನಪಿಲ್ಲ. ಗೆಳೆಯರಂತೂ ಇಲ್ಲವೇ ಇಲ್ಲ. ಯಾರ ದನಿಗೆ ನಾನು ಓಗೊಡಲಿ?"

ಪರಮಯ್ಯ ಗಂಟಲು ಸರಿಮಾಡಿಕೊಂಡ. "ಅವನು ಹೇಳುವುದೂ ಸರಿಯೇ ಹೊನ್ನಮ್ಮ. ಒಂದು ಸಲ ನೋಡೋಣ. ನೀವು ಇವತ್ತು ಮನೆಗೆ ಹೋಗಿ."

ಹೊನ್ನಿ ಮತ್ತು ಜಟ್ಟಜ್ಜ ಬರಿಗೈಯಲ್ಲಿ ಮನೆಗೆ ಹೋದರು. ಗೋಯ್ದ ಒಬ್ಬನೇ ದೋಣಿ ಹತ್ತಿದ.

ಬಿಸಿಲು ಚುರುಗುಡುತ್ತಿತ್ತು. ಗೋಯ್ದ ಸಿಳ್ಳೆ ಹಾಕುತ್ತಾ ದೋಣಿ ನಡೆಸಿದ. ಕಾಂಡ್ಲಾ ಗಿಡಗಳ ನೆರಳು ಮೈಮೇಲೆ ಬಿದ್ದ ಕೂಡಲೇ ಬಿಸಿಲು ಆರಿಹೋಯಿತು. ಮಂಜು ಮುಖಕ್ಕೆ ಒದ್ದೆ ಬಟ್ಟೆಯಂತೆ ತಾಗಿತು. ಅವನು ಇನ್ನೊಮ್ಮೆ ಸಿಳ್ಳೆ ಹಾಕಿದ. ಸದ್ದು ಹೊರಗೆ ಬರಲಿಲ್ಲ. ದೋಣಿ ನಿಂತೇ ಹೋದಂತಾಯಿತು.

"ಗೋಯ್ದಾ..."

ಅವನ ಬೆನ್ನಿನ ಕೂದಲು ಸೆಟೆದು ನಿಂತಿತು. ಆ ದನಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ ದನಿ.

"ಹೆದರಬೇಡ," ಎಂದು ಅವನದೇ ದನಿ ನೀರಿನ ಕೆಳಗಿನಿಂದ ಹೇಳಿತು. "ನಿನ್ನನ್ನು ನಾನು ಒಳಗೆ ಕರೆಯುವುದಿಲ್ಲ. ದಾಟಿ ಹೋಗು."

ಹೆದರಿದರೂ ಗೋಯ್ದ ವ್ಯವಹಾರ ಮರೆಯುವವನಲ್ಲ. "ಅದಕ್ಕೆ ಪ್ರತಿಯಾಗಿ ನಾನೇನು ಕೊಡಬೇಕು?" ಎಂದು ಕೇಳಿದ.

"ಏನೂ ಬೇಡ. ಒಬ್ಬನೇ ಬಂದೆ ಎಂದು ಎಲ್ಲರಿಗೂ ಹೇಳು. ಒಬ್ಬ ಸಾಕು ಎಂದು ಹೇಳು. ಅಷ್ಟೇ."

ಮಂಜು ಪಕ್ಕಕ್ಕೆ ಸರಿಯಿತು. ದೋಣಿ ಹುಟ್ಟು ಹಾಕದೆಯೇ ಮುಂದೆ ಜಾರಿತು. ಬಿಸಿಲಿಗೆ ಬಂದ ಮೇಲೆ ಗೋಯ್ದ ಗಟ್ಟಿಯಾಗಿ ನಕ್ಕುಬಿಟ್ಟ. "ಎಂಥ ಪೆದ್ದು ಮಡು! ಬಿಟ್ಟಿಯಾಗಿ ದಾರಿ ಕೊಟ್ಟಿತು," ಎಂದುಕೊಂಡ.

ಕುದ್ರುವಿಗೆ ಹೋಗಿ ಒಂದು ಬುಟ್ಟಿ ಪಡೆದ. ಮಾರನೆಯ ದಿನದಿಂದ ಹೊಳೆಯ ದಂಡೆಯಲ್ಲೆಲ್ಲ ಹೇಳುತ್ತಾ ತಿರುಗಿದ: "ಒಬ್ಬ ಸಾಕು. ನಾನೇ ನೋಡಿ ಬಂದಿದ್ದೇನೆ. ಆ ಮಡು, ಆ ಕೂಗು ಎಲ್ಲ ತಾಂಡೇಲರು ಎರಡು ಬುಟ್ಟಿಗಾಗಿ ಕಟ್ಟಿದ ಕಥೆ."

ಅಂದಿನಿಂದ ಎಲ್ಲ ದೋಣಿಗಳೂ ಗೋಯ್ದನ ಪಾಲಾದವು. ಹೊನ್ನಿ ಕೆಸರಿನಲ್ಲಿ ಏಡಿ ಹುಡುಕಿ ದಿನ ಕಳೆದಳು. ಜಟ್ಟಜ್ಜ ಪಾಚಿ ತಿಂದ. ನಾಗಿ ಆಗಷ್ಟೇ ಮರಿ ಹಾಕಿದ್ದಳು. ಅವಳ ಬಿಲದಲ್ಲಿ ಒಣಮೀನಿನ ವಾಸನೆ ಕೂಡ ಉಳಿಯಲಿಲ್ಲ.

ಒಂದು ದಿನ ಹೊನ್ನಿ ದಂಡೆಯ ದಾರಿಯಲ್ಲಿ ಗೋಯ್ದನನ್ನು ತಡೆದಳು.

"ಗೋಯ್ದಾ, ನಿನಗೂ ಹೊಟ್ಟೆ ಇದೆ, ನಮಗೂ ಇದೆ. ಬಾ, ನಮ್ಮ ಜೊತೆ ಸೇರು. ಜೋಡಿಯಾಗಿ ಸರದಿಯ ಮೇಲೆ ಹೋಗೋಣ. ನಿನಗೂ ಪೂರಾ ಬುಟ್ಟಿ ಸಿಗುತ್ತದೆ."

"ಸರದಿ ಬರುವವರೆಗೆ ಕಾಯುತ್ತಾ ಕೂರಲು ನನಗೇನು ಹುಚ್ಚೇ? ಈಗ ಎಲ್ಲ ದೋಣಿಯೂ ನನ್ನದೇ."

"ಇವತ್ತು ನೀನು ನಮಗಿಂತ ಅಗ್ಗ. ನಾಳೆ ನಿನಗಿಂತ ಅಗ್ಗದವನು ಬಂದರೆ?"

"ನನಗಿಂತ ಅಗ್ಗವೇ?" ಗೋಯ್ದ ಬಾಲ ಕುಣಿಸಿದ. "ನನಗಿಂತ ಅಗ್ಗಕ್ಕೆ ಬರುವವನು ಇನ್ನೂ ಹುಟ್ಟಿಲ್ಲ ಅಕ್ಕ."

ಆದರೆ ಪರಮಯ್ಯನಿಗೆ ಅಗ್ಗದ ರುಚಿ ಹತ್ತಿತ್ತು. ಒಂದು ದಿನ ಅವನು ಗೋಯ್ದನಿಗೆ ಅರ್ಧ ಬುಟ್ಟಿಯನ್ನಷ್ಟೇ ಕೊಟ್ಟ.

"ಇದೇನು ಒಡೆಯರೇ? ಅರ್ಧವೇ ಇದೆಯಲ್ಲ?"

"ಎರಡರ ಕೆಲಸ ಒಂದಕ್ಕೆ ಆಗುತ್ತದೆ ಎಂದು ಹೇಳಿಕೊಟ್ಟವನು ನೀನೇ ಅಲ್ಲವೇ ಮಾರಾಯ? ಒಂದರ ಕೆಲಸ ಅರ್ಧಕ್ಕೆ ಯಾಕಾಗಬಾರದು? ಬೇಡವಾದರೆ ಹೇಳು. ಹಸಿದವರು ಬೇಕಾದಷ್ಟು ಇದ್ದಾರೆ."

ಗೋಯ್ದ ಅರ್ಧ ಬುಟ್ಟಿ ಎತ್ತಿಕೊಂಡು ನಡೆದ.

ಹಸಿದವರು ಇದ್ದದ್ದು ನಿಜ. ಬಿಲದಲ್ಲಿ ಮರಿಗಳು ಕುಂಯ್‌ಗುಟ್ಟುತ್ತಿದ್ದವು. ಬೀರ ಎದ್ದು ನಿಂತ.

"ನಾಗೀ, ನಾನು ಬೊಮ್ಮಯ್ಯನ ಅಂಗಳಕ್ಕೆ ಹೋಗುತ್ತೇನೆ. ಪರಮಯ್ಯ ಒಡೆಯರು ಕಾಲು ಬುಟ್ಟಿ ಕೊಡುತ್ತಾರಂತೆ."

"ಒಬ್ಬನೇ?" ನಾಗಿ ಬೆಚ್ಚಿದಳು. "ಬೇಡ. ನಾನೂ ಬರುತ್ತೇನೆ."

"ಮರಿಗಳನ್ನು ಯಾರು ನೋಡುತ್ತಾರೆ? ಇನ್ನೂ ಕಣ್ಣು ಬಿಟ್ಟಿಲ್ಲ. ಗೋಯ್ದ ಇಷ್ಟು ಸಲ ದಾಟಿ ಬಂದಿದ್ದಾನಲ್ಲ. ನಾನು ಕಿವಿ ಮುಚ್ಚಿಕೊಂಡು ದಾಟಿಬಿಡುತ್ತೇನೆ."

"ಕಿವಿ ಮುಚ್ಚಿಕೊಂಡರೆ ಹುಟ್ಟು ಯಾವ ಕೈಯಲ್ಲಿ ಹಿಡಿಯುತ್ತೀ?" ಎಂದು ನಾಗಿ ಕೇಳಿದಳು. ಬೀರ ಮರಿಗಳನ್ನು ಒಮ್ಮೆ ಮೂಸಿ ನೋಡಿ ಹೊರಟುಹೋದ.

ಸಂಜೆ ಹೊತ್ತಿಗೆ ದೋಣಿ ಕುದ್ರುವಿಗೆ ಬಂತು. ನೀಟಾಗಿ ಬಂತು. ಎಲ್ಲೂ ತಾಗಿರಲಿಲ್ಲ, ಎಲ್ಲೂ ಸೀಳಿರಲಿಲ್ಲ. ಹುಟ್ಟು ಒಳಗೇ ಇತ್ತು. ಬೀರ ಮಾತ್ರ ಇರಲಿಲ್ಲ.

ಬೀರ ಮನೆಗೆ ಬಾರದಿದ್ದಾಗ ನಾಗಿ ಮರಿಗಳನ್ನು ಹೊನ್ನಿಯ ಬಳಿ ಬಿಟ್ಟು, ದಂಡೆಯ ದಾರಿಯಲ್ಲಿ ಓಡಿ, ಇಳಿತದ ನೀರು ದಾಟಿ ಕುದ್ರುವಿಗೆ ಬಂದಳು. ಅವಳು ದೋಣಿಯ ಒಳಗೆಲ್ಲ ಮೂಸಿದಳು. ಬೀರನ ವಾಸನೆ ನಡುವಿನವರೆಗೆ ಇತ್ತು. ಅಲ್ಲಿಂದ ಅಂಚಿನವರೆಗೆ ಹೋಗಿತ್ತು. ಅಂಚಿನಿಂದ ಆಚೆ ಇರಲಿಲ್ಲ.

ಅವಳು ಅಳಲಿಲ್ಲ. ನೇರ ಪರಮಯ್ಯನ ಮುಂದೆ ಹೋಗಿ ನಿಂತಳು. "ಒಡೆಯರೇ, ನನ್ನ ಗಂಡ ಬರಲಿಲ್ಲ. ಅವನ ಕೂಲಿಯನ್ನಾದರೂ ಕೊಡಿ. ಮರಿಗಳು ಹಸಿದಿವೆ."

"ದೋಣಿ ಬಂತು, ತಾಂಡೇಲ ಬರಲಿಲ್ಲ," ಎಂದ ಪರಮಯ್ಯ. "ಕೂಲಿಯನ್ನು ಯಾರ ಕೈಗೆ ಕೊಡಲಿ?"

"ನನ್ನ ಕೈಗೆ ಕೊಡಿ."

"ದೋಣಿ ತಂದವಳು ನೀನೋ?"

ಪರಮಯ್ಯ ಮುಖ ತಿರುಗಿಸಿದ. ನಾಗಿ ಬರಿಗೈಯಲ್ಲಿ ಹಿಂದಿರುಗಿದಳು.

ಅವಳು ಹೋದ ಮೇಲೆ ಪರಮಯ್ಯ ಆ ಖಾಲಿ ದೋಣಿಯನ್ನು ತುಂಬ ಹೊತ್ತು ನೋಡಿದ. ನೋಡುತ್ತಾ ನೋಡುತ್ತಾ ಅವನಿಗೆ ಒಂದು ಯೋಚನೆ ಹೊಳೆಯಿತು. ತಾಂಡೇಲ ಇಲ್ಲದೆಯೂ ದೋಣಿ ಬಂದಿದೆ!

ಮರುದಿನ ಅವನು ಬೊಮ್ಮಯ್ಯನ ಅಂಗಳಕ್ಕೆ ಹೋಗಿ ಒಂದು ದೋಣಿಯನ್ನು ಖಾಲಿಯಾಗಿಯೇ ನೀರಿಗೆ ತಳ್ಳಿಸಿದ. ಬೊಮ್ಮಯ್ಯ ತಲೆ ಕೆರೆದುಕೊಂಡ. "ಕೈಯಿಲ್ಲದ ದೋಣಿ ಕಳುಹಿಸಬಾರದು ಎನ್ನುತ್ತಿದ್ದರು ನಮ್ಮ ಹಿರಿಯರು."

"ನಿನ್ನ ಕೆಲಸ ಮಾಡುವುದು, ನನ್ನ ಕೆಲಸ ಕೊಳ್ಳುವುದು," ಎಂದ ಪರಮಯ್ಯ. ಬೊಮ್ಮಯ್ಯ ಸುಮ್ಮನಾದ.

ದೋಣಿ ಬಂತು. ಇನ್ನೊಂದು ಕಳುಹಿಸಿದ. ಅದೂ ಬಂತು. ಬಂದ ದೋಣಿಗಳೆಲ್ಲ ಕುದ್ರುವಿನ ದಡಕ್ಕೆ ತಾವಾಗಿಯೇ ಬಂದು ಸಾಲಾಗಿ ನಿಂತವು. ಯಾರೋ ಒಳಗೆ ಕುಳಿತು ನಡೆಸಿದಂತೆ.

ಗೋಯ್ದ ಓಡಿಬಂದ. "ಒಡೆಯರೇ, ನನ್ನ ಕೆಲಸ?"

"ಇನ್ನು ನಿನ್ನ ಅಗತ್ಯ ಇಲ್ಲ ಮಾರಾಯ. ದೋಣಿಗಳು ತಾವೇ ಬರುತ್ತವೆ."

"ಕಾಲು ಬುಟ್ಟಿಗೆ ಬರುತ್ತೇನೆ."

ಪರಮಯ್ಯ ತಲೆ ಅಲ್ಲಾಡಿಸಿದ.

"ಒಂದು ಹಿಡಿ ಮೀನಿಗೆ ಬರುತ್ತೇನೆ."

"ಬಿಟ್ಟಿ ಬರುವುದಕ್ಕೆ ಹಿಡಿ ಯಾಕೆ ಕೊಡಲಿ?"

ಗೋಯ್ದನ ಮೈ ಉರಿಯಿತು. ಇದೆಲ್ಲ ಆ ಮಡುವಿನ ಮೋಸ ಎಂದು ಅವನಿಗೆ ಅನಿಸಿತು. ಬೊಮ್ಮಯ್ಯನ ಅಂಗಳದಿಂದ ಹೊರಟ ಖಾಲಿ ದೋಣಿಯೊಂದಕ್ಕೆ ದಂಡೆಯಿಂದ ಹಾರಿ ಕುಳಿತ. ಕೂಲಿ ಇಲ್ಲ, ಏನಿಲ್ಲ. ನ್ಯಾಯ ಕೇಳಲು ಹೋದ.

ಮಂಜಿನೊಳಗೆ ಹೋದ ಕೂಡಲೇ ಕಿರುಚಿದ: "ಏ ಮಡುವೇ! ನೀನು ಹೇಳಿದಂತೆ ನಾನು ಮಾಡಿದೆ. ಈಗ ಖಾಲಿ ದೋಣಿ ಕಳುಹಿಸಿ ನನ್ನ ಅನ್ನ ಕಿತ್ತುಕೊಂಡೆಯಲ್ಲ!"

"ನನಗಿಂತ ಅಗ್ಗದ ತಾಂಡೇಲ ಯಾರಿದ್ದಾರೆ ಗೋಯ್ದಾ?" ಎಂದು ಅವನದೇ ದನಿ ಕೇಳಿತು. "ನನಗೆ ಮೀನೂ ಬೇಡ, ಬುಟ್ಟಿಯೂ ಬೇಡ."

"ಹಾಗಾದರೆ ನಿನಗೆ ಏನು ಬೇಕು?"

"ಇಷ್ಟು ದಿನ ಇಲ್ಲಿ ಹಾದುಹೋಗುವವರು ಒಬ್ಬರನ್ನೊಬ್ಬರು ಹಿಡಿದುಕೊಂಡಿರುತ್ತಿದ್ದರು. ನಾನು ಹಸಿದಿದ್ದೆ. ಆ ಕೈಗಳನ್ನು ನೀನು ಬಿಡಿಸಿಕೊಟ್ಟೆ. ಈಗ ಕುದ್ರುವಿನವರೆಗೂ ನನ್ನ ದೋಣಿಗಳು ಹೋಗಿವೆ. ನಿನ್ನ ಕೆಲಸ ಮುಗಿಯಿತು, ಬಾ."

ಗೋಯ್ದ ಓಗೊಡಬಾರದು ಎಂದುಕೊಂಡ. ಆದರೆ ತನ್ನದೇ ದನಿ "ಬಾ" ಎಂದಾಗ "ಬಂದೆ" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಅವನಿಗೆ ತಿಳಿಯದಂತೆ ಅವನು ಎದ್ದು ನಿಂತ. ಅವನು ಭಯದಿಂದ ಉಗುರುಗಳನ್ನೆಲ್ಲ ದೋಣಿಯ ಅಂಚಿಗೆ ಊರಿದ. ಹಿಡಿದುಕೊಳ್ಳಿ ಎಂದು ಕೂಗಲು ನೋಡಿದ. ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ದೋಣಿ ಮಡುವಿನ ನಡುವೆ ನಿಧಾನವಾಗಿ ಸುತ್ತತೊಡಗಿತು.

ಇತ್ತ ಕುದ್ರುವಿನಲ್ಲಿ ವಿಚಿತ್ರಗಳು ಶುರುವಾದವು. ಸಂಜೆ ಕಡಲಿನ ಕಡೆಗೆ ಮುಖ ಮಾಡಿ ಕಟ್ಟಿದ ದೋಣಿಗಳು ಬೆಳಿಗ್ಗೆ ಹೊಳೆಯ ಮೇಲ್ಭಾಗಕ್ಕೆ ಮುಖ ಮಾಡಿ ನಿಂತಿರುತ್ತಿದ್ದವು. ಬಾಡಿಗೆಗೆ ಪಡೆದ ಮಂಗಗಳು, "ಇದು ನಾವು ತಿರುಗಿಸಿದ ಕಡೆ ತಿರುಗುವುದಿಲ್ಲ," ಎಂದು ದೂರಿದವು. ಒಂದು ಮೊಲ ದೋಣಿಯ ತಳಕ್ಕೆ ಕಿವಿಯಿಟ್ಟು ಕೇಳಿ, ನಡುಗುತ್ತಾ ಇಳಿದು ಓಡಿತು. ಏನು ಕೇಳಿಸಿತು ಎಂದರೆ, "ನನ್ನ ಅಮ್ಮ ಕರೆಯುತ್ತಿದ್ದಾಳೆ, ಆದರೆ ನನ್ನ ಅಮ್ಮ ಮನೆಯಲ್ಲಿದ್ದಾಳೆ," ಎಂದಿತು.

"ಮೂರ್ಖರು!" ಎಂದು ಪರಮಯ್ಯ ತಾನೇ ಒಂದು ದೋಣಿಯಲ್ಲಿ ಕುಳಿತು ತೋರಿಸಲು ಹೋದ. ಅವನು ಕೂತದ್ದೇ ತಡ, ದೋಣಿ ದಡ ಬಿಟ್ಟಿತು. ಪರಮಯ್ಯ ಕಡಲಿನ ಕಡೆ ಹುಟ್ಟು ಹಾಕಿದ. ದೋಣಿ ಹೊಳೆಯ ಕಡೆ ನಡೆಯಿತು. ನೀರು ಕೆಳಕ್ಕೆ ಹರಿಯುತ್ತಿತ್ತು. ದೋಣಿ ಮೇಲಕ್ಕೆ ಹೋಗುತ್ತಿತ್ತು. ಸಾಲಾಗಿ ಕಟ್ಟಿದ್ದ ಉಳಿದ ದೋಣಿಗಳೂ ಹಗ್ಗ ಜಗ್ಗುತ್ತಾ ಅದೇ ದಿಕ್ಕಿಗೆ ತಿರುಗಿದವು. ತಳದಿಂದ ಒಂದು ದನಿ ಮೆಲ್ಲಗೆ ಕೇಳಿಸಿತು. ಅದು ಬೀರನ ದನಿ.

"ಒಡೆಯರೇ, ದೋಣಿ ತಂದಿದ್ದೇನೆ. ಕೂಲಿ ಕೊಡಿ."

ಪರಮಯ್ಯ "ಕೊಡುತ್ತೇನೆ" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ದೋಣಿ ಒಂದು ಕೊರಡಿಗೆ ತಾಗಿ ವಾಲಿತು. ಅವನ ಭಾರಕ್ಕೆ ಅದು ಮಗುಚಿತು. ಅವನು ನೀರಿಗೆ ಬಿದ್ದು, ಕೆಸರು ಕುಡಿದು, ಹೇಗೋ ಈಜಿ ದಡ ಹತ್ತಿದ. ಹಿಂದೆ ತಿರುಗಿ ನೋಡಿದ. ಮಗುಚಿದ ದೋಣಿ ತಾನಾಗಿಯೇ ನೆಟ್ಟಗಾಗಿ ಮಡುವಿನ ಕಡೆಗೆ ಹೋಗುತ್ತಿತ್ತು.

ಅವನು ನಿಲ್ಲದೆ ಓಡಿ ಬೊಮ್ಮಯ್ಯನ ಅಂಗಳ ತಲುಪಿದ. ಬೊಮ್ಮಯ್ಯ ಹೊನ್ನಿಯನ್ನೂ ಜಟ್ಟಜ್ಜನನ್ನೂ ನಾಗಿಯನ್ನೂ ಕರೆಸಿದ.

ಜಟ್ಟಜ್ಜ ಎಲ್ಲ ಕೇಳಿ ಕತ್ತು ಹೊರಗೆ ಚಾಚಿದ. "ಕೂಗುಮಡುವನ್ನು ಕೈಯಿಲ್ಲದೆ ದಾಟಿದ ದೋಣಿ ಮಡುವಿನದೇ ಪರಮಯ್ಯ. ನಿನ್ನದಲ್ಲ. ಅದು ಎಷ್ಟು ದಿನ ನಿನ್ನ ದಡದಲ್ಲಿ ನಿಂತರೂ ಕೊನೆಗೆ ಯಾರನ್ನಾದರೂ ಕೂರಿಸಿಕೊಂಡು ಒಡೆಯನ ಮನೆಗೆ ಹೋಗುತ್ತದೆ. ಅವನ್ನೆಲ್ಲ ಸುಟ್ಟುಬಿಡು."

"ಎಲ್ಲವನ್ನೂ? ಅಷ್ಟು ದೋಣಿಗಳನ್ನೂ?"

"ಎಲ್ಲವನ್ನೂ."

ಪರಮಯ್ಯ ನೆಲಕ್ಕೆ ಕುಸಿದ. ಅಗ್ಗವಾಗಿ ಬಂದದ್ದೆಲ್ಲ ಬೂದಿಯಾಗಲಿತ್ತು. ಸಣ್ಣ ದನಿಯಲ್ಲಿ ಹೇಳಿದ, "ಆಗಲಿ. ಸುಡುತ್ತೇನೆ. ಆದರೆ ಕುದ್ರುವಿನವರಿಗೆ ದೋಣಿ ಇಲ್ಲದೆ ನಡೆಯುವುದಿಲ್ಲ. ನೀವು ಮತ್ತೆ ತಂದುಕೊಡುತ್ತೀರಾ?"

"ಇಬ್ಬರು ಹೋಗುತ್ತೇವೆ. ಇಬ್ಬರಿಗೂ ಪೂರಾ ಬುಟ್ಟಿ," ಎಂದಳು ಹೊನ್ನಿ. "ಯಾವನೇ ಬಂದು ಕಡಿಮೆಗೆ ಬರುತ್ತೇನೆ ಎಂದರೂ ಇದೇ ಕೂಲಿ."

"ಒಪ್ಪಿದೆ."

"ಬೀರನ ಕೂಲಿ ಮೊದಲು ನಾಗಿಯ ಮನೆಗೆ ಬರಬೇಕು. ಕಾಲು ಬುಟ್ಟಿಯಲ್ಲ, ಪೂರಾ. ಆ ಮರಿಗಳು ಸ್ವಂತವಾಗಿ ಬೇಟೆ ಆಡುವವರೆಗೂ ಪ್ರತಿ ದೋಣಿಗೂ ಒಂದು ಪಾಲು."

ಪರಮಯ್ಯ ನಾಗಿಯ ಕಡೆ ನೋಡಲಾರದೆ ತಲೆ ತಗ್ಗಿಸಿದ. "ಒಪ್ಪಿದೆ."

ಬೊಮ್ಮಯ್ಯ ಉಳಿಯನ್ನು ನೆಲಕ್ಕೆ ಕುಟ್ಟಿದ. "ಇಬ್ಬರು ಹತ್ತದ ದೋಣಿ ಇನ್ನು ಈ ಅಂಗಳದಿಂದ ಇಳಿಯುವುದಿಲ್ಲ. ಆ ದಿನ ನಾನು ಸುಮ್ಮನಿದ್ದದ್ದೇ ತಪ್ಪು."

ಹೊಸ ದೋಣಿ ಇಳಿಯಿತು. ಹೊನ್ನಿ ಚುಕ್ಕಾಣಿ ಹಿಡಿದಳು. ಜಟ್ಟಜ್ಜ ನಡುವೆ ಕುಳಿತ. ಇಬ್ಬರೇ ಸಾಕಿತ್ತು. ಆದರೆ ನಾಗಿಯೂ ಹತ್ತಿದಳು. "ಅವನು ಹೋದ ಜಾಗವನ್ನು ನಾನು ಒಮ್ಮೆ ನೋಡಬೇಕು," ಎಂದಳು. ಬೊಮ್ಮಯ್ಯ ಮರಿಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡ.

ಕಾಂಡ್ಲಾ ಗಿಡಗಳ ಕೆಳಗೆ ಬಿಸಿಲು ಆರಿತು. ಹುಟ್ಟಿನ ಸದ್ದು ನಿಂತಿತು. ಜಟ್ಟಜ್ಜ ನಾಗಿಯ ಬಾಲವನ್ನು ಬಾಯಲ್ಲಿ ಕಚ್ಚಿ ಹಿಡಿದ. ಆಮೆ ಕಚ್ಚಿದರೆ ಬಿಡುವುದುಂಟೇ?

"ನಾಗೀ..."

ನಾಗಿಯ ಮೈ ಬಿಲ್ಲಿನಂತೆ ಬಿಗಿಯಾಯಿತು.

"ನಾಗೀ, ಇಲ್ಲಿ ತುಂಬಾ ಚಳಿ. ಮರಿಗಳು ಕಣ್ಣು ಬಿಟ್ಟವೇ? ಒಂದು ಸಲ ಕೈ ಕೊಡು ನಾಗೀ."

ಅವಳ ಕಣ್ಣಿನಿಂದ ನೀರು ಸುರಿಯಿತು. ಮುಂದಿನ ಕಾಲುಗಳು ಅಂಚು ದಾಟಿದವು. ಜಟ್ಟಜ್ಜ ಮೈಯನ್ನೆಲ್ಲ ದೋಣಿಗೆ ಒತ್ತಿ ಹಿಂದಕ್ಕೆ ಎಳೆದ. ಹೊನ್ನಿ ಒಂದು ಕೈಯನ್ನು ಚುಕ್ಕಾಣಿಯ ಮೇಲಿಟ್ಟು ಇನ್ನೊಂದನ್ನು ನಾಗಿಯ ಹೆಗಲ ಮೇಲಿಟ್ಟಳು. "ಅಳು, ಜೋರಾಗಿ ಅಳು. ಓಗೊಡಬೇಡ ಅಷ್ಟೇ," ಎಂದಳು. ನಾಗಿ ಅತ್ತಳು. ಓಗೊಡಲಿಲ್ಲ.

ಅಷ್ಟರಲ್ಲಿ ಮಂಜಿನೊಳಗೆ ಇನ್ನೊಂದು ದೋಣಿ ಕಂಡಿತು. ಅದು ನಿಂತಲ್ಲೇ ಸುತ್ತುತ್ತಿತ್ತು. ಅದರ ಅಂಚಿಗೆ ಉಗುರೂರಿ ಯಾರೋ ಬಗ್ಗಿ ಜೋತಿದ್ದರು. ಅದು ಗೋಯ್ದ. ಮೈಯೆಲ್ಲ ಎಲುಬಾಗಿತ್ತು. ಅವನ ಬಾಯಿ ಅಲ್ಲಾಡುತ್ತಿತ್ತು, ಆದರೆ ಬಾಯಿಂದ ದನಿ ಬರುತ್ತಿರಲಿಲ್ಲ. ಅವನ ದನಿ ನೀರಿನ ಕೆಳಗಿನಿಂದ ಬರುತ್ತಿತ್ತು.

"ಕಾಲು ಬುಟ್ಟಿಗೆ ಬರುತ್ತೇನೆ... ಹಿಡಿ ಮೀನಿಗೆ ಬರುತ್ತೇನೆ... ಏನೂ ಬೇಡ, ಸುಮ್ಮನೆ ಬರುತ್ತೇನೆ..."

ದೋಣಿ ಸುತ್ತಿ ಸುತ್ತಿ ಹತ್ತಿರ ಬಂತು. ಗೋಯ್ದ ಒಂದು ಕೈ ಚಾಚಿದ. ಆ ಕೈಗೆ ಎಟುಕುವಷ್ಟು ಹತ್ತಿರ ಇದ್ದವಳು ನಾಗಿ ಒಬ್ಬಳೇ. ಅವಳು ಆ ಕೈಯನ್ನು ನೋಡಿದಳು. ಇದೇ ಕೈ ಎರಡು ಬುಟ್ಟಿಯನ್ನು ಒಂದು ಮಾಡಿತ್ತು. ಇದೇ ಬಾಯಿ ಒಬ್ಬ ಸಾಕು ಎಂದಿತ್ತು. ದೋಣಿ ಇನ್ನು ಒಂದು ಸುತ್ತು ತಿರುಗಿದರೆ ಆ ಕೈ ಮಂಜಿನಲ್ಲಿ ಮರೆಯಾಗುತ್ತಿತ್ತು.

ಜಟ್ಟಜ್ಜನ ಬಾಯಿ ಬಾಲದ ಮೇಲೇ ಇತ್ತು.

ನಾಗಿ ಕೈ ಚಾಚಿ ಗೋಯ್ದನ ಕೈಯನ್ನು ಹಿಡಿದಳು. ನೀರು ಅವನನ್ನು ಕೆಳಕ್ಕೆ ಎಳೆಯಿತು. ನಾಗಿಯನ್ನು ಜಟ್ಟಜ್ಜ ಎಳೆದ, ಜಟ್ಟಜ್ಜನನ್ನು ಹೊನ್ನಿ ಎಳೆದಳು. ಮಡುವಿನ ನೀರು ಮೊದಲ ಸಲ ಸದ್ದು ಮಾಡಿತು. ದೊಡ್ಡ ಪ್ರಾಣಿಯೊಂದು ಹಸಿವಿನಿಂದ ಮಗ್ಗುಲು ಬದಲಿಸಿದಂಥ ಸದ್ದು. ಗೋಯ್ದ ಕಿತ್ತು ಬಂದು ದೋಣಿಯೊಳಗೆ ಬಿದ್ದ. ಅವನ ಉಗುರುಗಳು ಆ ಇನ್ನೊಂದು ದೋಣಿಯ ಅಂಚಿನಲ್ಲೇ ಉಳಿದವು.

ಬಿಸಿಲಿಗೆ ಬಂದ ಮೇಲೆ ಜಟ್ಟಜ್ಜ ಬಾಲ ಬಿಟ್ಟ. "ಯಾಕೆ ಹಿಡಿದೆ ಮಗಳೇ?" ಎಂದು ಕೇಳಿದ.

ನಾಗಿ ಹಿಂದೆ ತಿರುಗಿ ಮಂಜನ್ನು ನೋಡಿದಳು. "ನನ್ನ ಬೀರನ ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಅವರೂ ಹಿಡಿಯುತ್ತಿದ್ದರು ಅಜ್ಜ."

ಪರಮಯ್ಯನ ದೋಣಿಗಳು ಕುದ್ರುವಿನ ಮರಳಿನಲ್ಲಿ ಉರಿದವು. ಹಸಿ ಮರ ಉರಿಯುವಾಗ ಸಿಡಿಯುವುದುಂಟು. ಆದರೆ ಅವು ಸಿಡಿಯಲಿಲ್ಲ, ನರಳಿದವು. ಕುದ್ರುವಿನವರು ತಮ್ಮ ಮರಿಗಳ ಕಿವಿ ಮುಚ್ಚಿ ಕುಳಿತರು.

ಗೋಯ್ದ ಬದುಕಿದ. ಅವನ ಗಾಯ ಮಾಯಿತು. ದನಿ ಮಾತ್ರ ಮರಳಿ ಬರಲಿಲ್ಲ. ಅದು ಮಡುವಿನಲ್ಲೇ ಉಳಿಯಿತು. ಈಗಲೂ ದಂಡೆಯ ದಾರಿಯಲ್ಲಿ ಹೋಗುವವರಿಗೆ ಮಂಜಿನೊಳಗಿನಿಂದ ಆ ನಯವಾದ ಮಾತು ಕೇಳಿಸುತ್ತದೆ. ಎಲ್ಲರಿಗಿಂತ ಕಡಿಮೆಗೆ ಬರುತ್ತೇನೆ ಎಂದು ಅದು ಹೇಳುತ್ತಲೇ ಇರುತ್ತದೆ. ಯಾರೂ ನಿಲ್ಲುವುದಿಲ್ಲ.

ಎಷ್ಟೋ ದಿನ ಗೋಯ್ದ ಬೊಮ್ಮಯ್ಯನ ಅಂಗಳದ ಬೇಲಿಯ ಆಚೆ ಕುಳಿತಿರುತ್ತಿದ್ದ. ಕೆಲಸ ಕೊಡಿ ಎನ್ನಲು ಅವನಿಗೆ ಬಾಯಿಯೂ ಇರಲಿಲ್ಲ, ಮುಖವೂ ಇರಲಿಲ್ಲ. ಒಂದು ದಿನ ಜಟ್ಟಜ್ಜನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಹೊನ್ನಿ ಬೇಲಿಯ ಬಳಿ ಬಂದಳು.

"ಏಳು. ಹಿಡಿದುಕೊಳ್ಳಲು ದನಿ ಬೇಡ, ಕೈ ಸಾಕು."

ಆ ದಿನ ಕೂಗುಮಡುವಿನಲ್ಲಿ ಹೊನ್ನಿಯನ್ನು ಅವಳ ಸತ್ತ ಅಕ್ಕ ಕರೆದಳು. ಉಗುರಿಲ್ಲದ ಎರಡು ಕೈಗಳು ಹೊನ್ನಿಯನ್ನು ಬಿಗಿಯಾಗಿ ಅಪ್ಪಿ ಹಿಡಿದವು. ಮಂಜು ಕಳೆಯುವವರೆಗೂ ಬಿಡಲಿಲ್ಲ.

ಕುದ್ರುವಿನಲ್ಲಿ ಪರಮಯ್ಯ ಎರಡು ಬುಟ್ಟಿ ತಂದಿಟ್ಟ. ಗೋಯ್ದ ತನ್ನ ಬುಟ್ಟಿಯನ್ನು ನೋಡಿದ. ಅರ್ಧ ಮೀನು ತೆಗೆದು ನೆಲದ ಮೇಲಿಟ್ಟು, ಅರ್ಧ ಸಾಕು ಎಂಬಂತೆ ಕೈಸನ್ನೆ ಮಾಡಿದ.

ಹೊನ್ನಿ ಆ ಮೀನನ್ನೆಲ್ಲ ಬಾಚಿ ಮತ್ತೆ ಅವನ ಬುಟ್ಟಿಗೆ ಹಾಕಿದಳು.

"ಪೂರಾ ತೆಗೆದುಕೋ ತಮ್ಮಾ. ನೀನು ಅರ್ಧ ಬಿಟ್ಟರೆ ನಾಳೆ ನನ್ನದೂ ಅರ್ಧವಾಗುತ್ತದೆ."

ಗೋಯ್ದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತ. ಇಬ್ಬರೂ ದಂಡೆಯ ದಾರಿ ಹಿಡಿದರು. ದಾರಿಯಲ್ಲಿ ನಾಗಿಯ ಬಿಲ ಸಿಕ್ಕಿತು. ಹೊರಗೆ ಮರಿಗಳು ಬಿಸಿಲಿಗೆ ಮೈ ಕಾಯಿಸುತ್ತಿದ್ದವು. ಗೋಯ್ದ ನಿಂತ, ಬುಟ್ಟಿ ಇಳಿಸಿದ, ಮರಿಗಳ ಮುಂದೆ ಕುಳಿತು ಒಂದೊಂದಾಗಿ ಮೀನಿನ ಮುಳ್ಳು ಬಿಡಿಸತೊಡಗಿದ.

ನೀತಿ: ಜೊತೆಯವರ ಕೂಲಿ ಕಡಿದು ತಾನು ಬದುಕುತ್ತೇನೆ ಎನ್ನುವವನು ಕಷ್ಟಕಾಲದಲ್ಲಿ ತನ್ನನ್ನು ಹಿಡಿಯುವ ಕೈಯನ್ನೇ ಕಡಿದುಕೊಳ್ಳುತ್ತಾನೆ. ದುಡಿಮೆಗೆ ತಕ್ಕ ಕೂಲಿ ಕೊಡದೆ ಅಗ್ಗವಾಗಿ ಪಡೆದವನೂ ಕೊನೆಗೆ ಅದಕ್ಕೆ ದುಬಾರಿ ಬೆಲೆ ತೆರುತ್ತಾನೆ.